ರಾಕ್ಷಸ ಅಲೆ ಏಳುವ ನೀರು: ಹೊರಡುವ ಮುಂಚೆ ಏನು ಮಾಡಬೇಕು, ಸಿಕ್ಕಿಕೊಂಡರೆ ಏನು ಮಾಡಬೇಕು

ಸುತ್ತಲಿನ ಅಲೆಗಳಿಗಿಂತ ಎರಡು ಪಟ್ಟು ಎತ್ತರದ ಅಲೆಯೊಂದು ಯಾವ ನಿಮಿಷಕ್ಕೆ ನಿಮ್ಮ ಮುಂದೆ ಎದ್ದು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಆದರೆ ಯಾವ ನೀರಿನಲ್ಲಿ, ಯಾವ ಗಾಳಿಗೆ, ಉಬ್ಬರ ಇಳಿತದ ಯಾವ ಹೊತ್ತಿಗೆ ಅಂಥದ್ದು ಏಳುವ ಸಾಧ್ಯತೆ ಜಾಸ್ತಿ ಎನ್ನುವುದು ಚೆನ್ನಾಗಿಯೇ ಗೊತ್ತಿದೆ. ಅದಕ್ಕೇ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತು ಲಂಗರು ಎತ್ತುವ ಮುಂಚಿನ ಕೆಲಸದ ಬಗ್ಗೆ ಇದೆ. ಅಲೆ ಬಂದು ಬಡಿಯುವ ಆ ಹತ್ತು ಸೆಕೆಂಡಿನಲ್ಲಿ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಆಗ ಮಾಡಲು ಉಳಿದಿರುವುದು ತುಂಬಾ ಕಡಿಮೆ.

ಇದೆಲ್ಲ ನಾವಿಕರ ಕಟ್ಟುಕತೆ ಅನ್ನುವವರು ಈಗಲೂ ಸಿಗುತ್ತಾರೆ. 1995ರ ಜನವರಿ 1ರಂದು ನಾರ್ವೆಯ ಆಚೆ, ಉತ್ತರ ಸಮುದ್ರದಲ್ಲಿ ನಿಂತಿರುವ ಡ್ರಾಪ್ನರ್ ಎಂಬ ಅನಿಲ ವೇದಿಕೆಯ ಕೆಳಗೆ ಹಾದುಹೋದ ಅಲೆಯನ್ನು ಅಲ್ಲಿದ್ದ ಲೇಸರ್ ಉಪಕರಣ ಅಳೆಯಿತು. ತಗ್ಗಿನಿಂದ ನೆತ್ತಿಯವರೆಗೆ 25.6 ಮೀಟರ್. ಆ ಹೊತ್ತಿಗೆ ಸುತ್ತಲಿನ ಸಮುದ್ರದ ಅಲೆಗಳು ಲೆಕ್ಕದ ಪ್ರಕಾರ ಸುಮಾರು 12 ಮೀಟರ್ ಇದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ವೀನ್ ಎಲಿಜಬೆತ್ 2 ಎಂಬ ಪ್ರಯಾಣಿಕ ಹಡಗು ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು 29 ಮೀಟರಿನ ಅಲೆಗೆ ಮೂತಿ ಕೊಟ್ಟು ಪಾರಾಯಿತು. ಅಲ್ಲಿಂದ ಮುಂದೆ ವಾದಕ್ಕೆ ಜಾಗ ಉಳಿಯಲಿಲ್ಲ.

ಹೆಜ್ಜೆ 1: ಮುನ್ಸೂಚನೆಯ ಅಂಕಿಯನ್ನು ಎರಡರಿಂದ ಗುಣಿಸಿ

ಮುನ್ಸೂಚನೆಯಲ್ಲಿ "ಅಲೆ 4 ಮೀಟರ್" ಎಂದಿದ್ದರೆ ಬಹಳ ಜನ ಅದನ್ನು ಅತಿ ದೊಡ್ಡ ಅಲೆ ಎಂದುಕೊಳ್ಳುತ್ತಾರೆ. ಅಲ್ಲ. ಅಲ್ಲಿ ಬರುವ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು, ಅವುಗಳ ಸರಾಸರಿ ಹಾಕಿದರೆ ಬರುವ ಅಂಕಿ ಅದು. ಅಂದರೆ ಅದಕ್ಕಿಂತ ಎತ್ತರದ ಅಲೆಗಳು ದಿನವಿಡೀ ಬರುತ್ತಲೇ ಇರುತ್ತವೆ. ಸಾಮಾನ್ಯ ಲೆಕ್ಕದಲ್ಲಿ ಸುಮಾರು 3000 ಅಲೆಗಳಿಗೆ ಒಂದು ಅಲೆ ಆ ಅಂಕಿಯ ಎರಡು ಪಟ್ಟು ದಾಟುತ್ತದೆ, ಅಂಥ ಅಲೆಗೇ ರಾಕ್ಷಸ ಅಲೆ ಎಂದು ಹೆಸರು. ಹತ್ತು ಸೆಕೆಂಡಿಗೆ ಒಂದು ಅಲೆ ಎಂದರೆ 3000 ಅಲೆಗಳಿಗೆ ಎಂಟು ಗಂಟೆ ಚಿಲ್ಲರೆ. ಒಂದು ರಾತ್ರಿಯ ಪಯಣ ಅಷ್ಟೆ. ಆಸ್ಟ್ರೇಲಿಯಾದ ಹವಾಮಾನ ಇಲಾಖೆ ತನ್ನ ಸಮುದ್ರದ ಎಚ್ಚರಿಕೆಗಳಲ್ಲಿ ಇದನ್ನು ಬಿಡಿಸಿಯೇ ಹೇಳುತ್ತದೆ: ಬೀಸುಗಾಳಿ ಇಲ್ಲಿ ಕೊಟ್ಟಿದ್ದಕ್ಕಿಂತ ಶೇ. 40ರಷ್ಟು ಜೋರಾಗಿರಬಹುದು, ಅಲೆ ಎರಡು ಪಟ್ಟು ಎತ್ತರ ಇರಬಹುದು. ಎಲ್ಲ ದೇಶದವರೂ ಹೀಗೆ ಬರೆಯಬೇಕಿತ್ತು.

ಎತ್ತರದ ಜೊತೆಗೆ ಇನ್ನೊಂದು ಅಂಕಿ ಇರುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಅಂತ. ನನ್ನ ಮಟ್ಟಿಗೆ ಎತ್ತರಕ್ಕಿಂತ ಇದೇ ಮುಖ್ಯ. ಆಳ ನೀರಿನಲ್ಲಿ ಅಲೆಯ ಉದ್ದ ಬೇಕೆಂದರೆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.56ರಿಂದ ಗುಣಿಸಿ, ಮೀಟರಿನಲ್ಲಿ ಉತ್ತರ ಬರುತ್ತದೆ. 12 ಸೆಕೆಂಡಿನ ಅಲೆ ಸುಮಾರು 225 ಮೀಟರ್ ಉದ್ದ. ಅದರ ಮೇಲೆ 4 ಮೀಟರ್ ಎತ್ತರ ಎಂದರೆ ಇಳಿಜಾರು ಅಷ್ಟೇನೂ ಇಲ್ಲ, ಹಡಗು ಆರಾಮವಾಗಿ ಹತ್ತಿ ಇಳಿಯುತ್ತದೆ. ಅದೇ 4 ಮೀಟರ್ 6 ಸೆಕೆಂಡಿನದಾದರೆ? ಉದ್ದ ಬರೀ 56 ಮೀಟರ್. ಎತ್ತರವು ಉದ್ದದ ಏಳನೇ ಒಂದು ಭಾಗ ಮುಟ್ಟಿದರೆ ಅಲೆ ನಿಲ್ಲಲಾರದೆ ಒಡೆಯುತ್ತದೆ. ಈಗ ಎರಡರಿಂದ ಗುಣಿಸಿದ ಆ 8 ಮೀಟರನ್ನು ಇಲ್ಲಿಟ್ಟು ನೋಡಿ, ಸರಿಯಾಗಿ ಏಳನೇ ಒಂದು ಭಾಗ! ಅಂದರೆ ಈ ಸಮುದ್ರದಲ್ಲಿ ಬರುವ ರಾಕ್ಷಸ ಅಲೆ ಒಡೆಯುತ್ತಲೇ ಬರುತ್ತದೆ. ಎತ್ತರದ ಅಲೆ ಹಡಗನ್ನು ಎತ್ತಿ ಇಳಿಸಿ ಮುಂದೆ ಹೋಗುತ್ತದೆ, ಒಡೆಯುವ ಅಲೆಯಲ್ಲಿ ಟನ್ನುಗಟ್ಟಲೆ ನೀರು ಓಡಿಬಂದು ಗುದ್ದುತ್ತದೆ.

ಎರಡು ದಿಕ್ಕಿನಿಂದ ಅಲೆ ಬರುತ್ತಿದೆಯಾ ಅಂತಲೂ ನೋಡಿ. ದೂರದ ಬಿರುಗಾಳಿಯಿಂದ ಬಂದ ಸ್ವೆಲ್ ಒಂದು ಕಡೆಯಿಂದ, ಇಲ್ಲಿನ ಗಾಳಿ ಎಬ್ಬಿಸಿದ ಅಲೆ ಇನ್ನೊಂದು ಕಡೆಯಿಂದ ಬಂದರೆ, ಎರಡೂ ಕೂಡಿದ ಕಡೆ ಗೋಪುರದಂತೆ ನೀರು ಏಳುತ್ತದೆ, ಅದಕ್ಕೆ ಮೂತಿ ತಿರುಗಿಸೋಣ ಎಂದರೆ ಯಾವ ಕಡೆಗೆ ಅಂತಲೇ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ಮುನ್ಸೂಚನೆ ಎಷ್ಟು ಹಳೆಯದು? ತೆರೆಯ ಮೇಲೆ ಈಗ ಬಂದ ನಕ್ಷೆ ಈಗಿನದೇ ಆಗಿರಬೇಕೆಂದಿಲ್ಲ. 2015ರ ಅಕ್ಟೋಬರ್ 1ರಂದು ಬಹಾಮಾಸ್ ಬಳಿ ಹೋಕಿನ್ ಚಂಡಮಾರುತದಲ್ಲಿ ಎಲ್ ಫಾರೋ ಎಂಬ ಸರಕು ಹಡಗು ಮುಳುಗಿ 33 ಜನ ಸತ್ತರು. ಕ್ಯಾಪ್ಟನ್ ನಂಬಿಕೊಂಡಿದ್ದ ಹವಾಮಾನ ಮಾಹಿತಿ ಗಂಟೆಗಟ್ಟಲೆ ಹಳೆಯದಾಗಿತ್ತು ಎಂದು ತನಿಖೆಯಲ್ಲಿ ಹೊರಬಂತು. ನಕ್ಷೆಯ ಮೂಲೆಯಲ್ಲಿ ಅದನ್ನು ಲೆಕ್ಕ ಹಾಕಿದ ಸಮಯ ಸಣ್ಣಕ್ಷರದಲ್ಲಿ ಇರುತ್ತದೆ, ಮೊದಲು ಅದನ್ನು ಓದಿ. ಜೊತೆಗೆ ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ನೋಡುವುದು ಬಿಡಬೇಡಿ, ಅದು ಇಳಿದರೆ ಹವೆ ಕೆಡುತ್ತಿದೆ ಎಂದರ್ಥ. ಮೂರು ಗಂಟೆಯಲ್ಲಿ 3.6 ಮಿಲಿಬಾರ್‌ಗಿಂತ ಜಾಸ್ತಿ ಇಳಿದರೆ ಬ್ರಿಟನ್ನಿನ ಸಮುದ್ರ ಬುಲೆಟಿನ್ ಅದನ್ನು ಬೇಗ ಇಳಿಯುತ್ತಿದೆ ಎನ್ನುತ್ತದೆ, 6 ದಾಟಿದರೆ ತೀರಾ ಬೇಗ ಎನ್ನುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಅದು ಸುಳ್ಳು ಹೇಳುವುದಿಲ್ಲ.

ಹೆಜ್ಜೆ 2: ಗಾಳಿಗೆ ಎದುರು ಹರಿಯುವ ನೀರನ್ನು ನಕ್ಷೆಯಲ್ಲಿ ಗುರುತು ಮಾಡಿ

ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ. ಅಲೆ ಒಂದು ಕಡೆ ಹೋಗುತ್ತಿದೆ, ಸಮುದ್ರದ ಸೆಳವು ಅದಕ್ಕೆ ಎದುರಾಗಿ ಬರುತ್ತಿದೆ. ಆಗ ಅಲೆಯ ಉದ್ದ ಕುಗ್ಗುತ್ತದೆ, ಎತ್ತರ ಏರುತ್ತದೆ, ಮುಂಬದಿ ಗೋಡೆಯಂತೆ ಕಡಿದಾಗುತ್ತದೆ. ಎದುರು ಸೆಳವು ಅಲೆಯ ವೇಗದ ಕಾಲು ಭಾಗ ಮುಟ್ಟಿದರೆ ಅಲೆ ಮುಂದೆ ಹೋಗಲಾರದೆ ಅಲ್ಲೇ ರಾಶಿಯಾಗಿ ಒಡೆಯುತ್ತದೆ. 6 ಸೆಕೆಂಡಿನ ಅಲೆಯ ವೇಗ ಸುಮಾರು 18 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಅದನ್ನು ತಡೆಯಲು ನಾಲ್ಕೂವರೆ ನಾಟ್ ಸೆಳವು ಸಾಕು. ಸ್ಕಾಟ್ಲೆಂಡಿನ ಉತ್ತರದ ಪೆಂಟ್‌ಲೆಂಡ್ ಫರ್ತ್‌ನಲ್ಲಿ ಇದಕ್ಕಿಂತ ಎಷ್ಟೋ ಜೋರಾದ ಸೆಳವು ಇರುತ್ತದೆ. ಅಲ್ಲಿ ಗಾಳಿ ಸುಮಾರಾಗಿದ್ದರೂ ನೀರು ಕುದಿಯುವಂತೆ ಕಾಣುವುದು ಇದಕ್ಕೇ.

ಇದರ ದೊಡ್ಡಣ್ಣ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿದೆ. ಅಗುಲ್ಹಸ್ ಪ್ರವಾಹ ದಂಡೆಗೆ ಸಮನಾಗಿ ನೈಋತ್ಯಕ್ಕೆ ಹರಿಯುತ್ತದೆ, ಜೋರಿದ್ದಾಗ 5 ನಾಟ್‌ವರೆಗೂ ಹೋಗುತ್ತದೆ. ದಕ್ಷಿಣ ಸಾಗರದ ಬಿರುಗಾಳಿಗಳ ಅಲೆ ಬರುವುದೂ ನೈಋತ್ಯದಿಂದಲೇ, ನೇರ ಮುಖಾಮುಖಿ. 1909ರ ಜುಲೈನಲ್ಲಿ ಡರ್ಬನ್‌ನಿಂದ ಕೇಪ್‌ಟೌನ್‌ಗೆ ಹೊರಟ ವಾರಾಟಾ ಎಂಬ ಹಡಗು 211 ಜನರ ಸಮೇತ ಇದೇ ದಾರಿಯಲ್ಲಿ ಕಾಣೆಯಾಯಿತು. ಯಾಕೆ ಅಂತ ಇಂದಿಗೂ ಗೊತ್ತಿಲ್ಲ. ಈ ಕರಾವಳಿಯ ನಕ್ಷೆಗಳಲ್ಲಿ ಅಚ್ಚು ಹಾಕಿದ ಎಚ್ಚರಿಕೆಯೇ ಇದೆ: ದಂಡೆಯಾಚೆ ತಳ ಒಮ್ಮೆಲೇ ಆಳಕ್ಕೆ ಇಳಿಯುವ ಅಂಚಿನಿಂದ ಹೊರಗಿನ 20 ಮೈಲಿಯಲ್ಲಿ 20 ಮೀಟರ್‌ವರೆಗಿನ ಅಸಹಜ ಅಲೆಗಳು ಏಳಬಹುದು, ಅದಕ್ಕೂ ಮುಂಚೆ ಆಳವಾದ ತಗ್ಗು ಬರಬಹುದು. ಆ ತಗ್ಗಿನ ಮಾತನ್ನು ಸುಮ್ನೆ ಸೇರಿಸಿಲ್ಲ. ಹಡಗಿನ ಮೂತಿ ಮೊದಲು ಆ ಗುಂಡಿಗೆ ಇಳಿಯುತ್ತದೆ, ಮೇಲೇಳುವಷ್ಟರಲ್ಲಿ ಗೋಡೆ ತಲೆಯ ಮೇಲೇ ಇರುತ್ತದೆ.

ಹಾಗಾದರೆ ಅಲ್ಲಿ ಓಡಾಡುವವರು ಏನು ಮಾಡುತ್ತಾರೆ? ಡರ್ಬನ್‌ನಿಂದ ಈಸ್ಟ್ ಲಂಡನ್‌ಗೆ ಸುಮಾರು 250 ಮೈಲಿ, ನಡುವೆ ಯಾಟ್‌ಗೆ, ಅಂದರೆ ಹಾಯಿದೋಣಿಗೆ, ಒಳ್ಳೆಯ ಆಸರೆ ಇಲ್ಲ. ಹಾಗಾಗಿ ಬಂದರಿನಲ್ಲೇ ಕಾಯುತ್ತಾರೆ. ನೈಋತ್ಯದ ಗಾಳಿ ಬೀಸಿ ಸೋತು, ಬ್ಯಾರೊಮೀಟರ್ ಮೇಲೇರಿ ನಿಂತ ಮೇಲೆ ಹೊರಟು, ಈಶಾನ್ಯದ ಗಾಳಿ ಇರುವಷ್ಟು ಹೊತ್ತು ಸೆಳವಿನ ಬೆನ್ನೇರಿ ಓಡುತ್ತಾರೆ. ನಡುವೆ ಗಾಳಿ ತಿರುಗಿ ನೈಋತ್ಯದಿಂದ ಬೀಸುವ ಲಕ್ಷಣ ಕಂಡರೆ ದಂಡೆಯ ಕಡೆಗೆ, 200 ಮೀಟರ್ ಆಳದ ಗೆರೆಯಿಂದ ಒಳಕ್ಕೆ ಬಂದುಬಿಡುತ್ತಾರೆ. ಅಲ್ಲಿ ಸೆಳವು ಕಡಿಮೆ. ಬಿರುಗಾಳಿಯಲ್ಲಿ ದಂಡೆಯಿಂದ ದೂರ ಹೋಗು ಎನ್ನುವುದು ಎಲ್ಲ ಕಡೆಯ ಬುದ್ಧಿಮಾತು, ಇಲ್ಲಿ ಅದು ತಿರುವುಮುರುವು.

ಅಮೆರಿಕದ ಪೂರ್ವ ಕರಾವಳಿಯ ಗಲ್ಫ್ ಸ್ಟ್ರೀಮ್‌ನದ್ದೂ ಇದೇ ಕತೆ, ಅದು ಉತ್ತರಕ್ಕೆ ಹರಿಯುವುದರಿಂದ ಗಾಳಿ ಬರುವ ದಿಕ್ಕಿನ ಹೆಸರಿನಲ್ಲಿ "ಉತ್ತರ" ಎಂಬ ಮಾತು ಇದ್ದರೆ ದಾಟಬೇಡಿ. ಬೇರೆ ಎಲ್ಲೇ ಆದರೂ ವಿಧಾನ ಒಂದೇ. ನಿಮ್ಮ ದಾರಿಯ ನಕ್ಷೆ ತೆಗೆದು ಸೆಳವಿನ ದಿಕ್ಕಿಗೆ ಬಾಣ ಹಾಕಿ, ಮುನ್ಸೂಚನೆಯ ಗಾಳಿಗೂ ಸ್ವೆಲ್‌ಗೂ ಬೇರೆ ಬಣ್ಣದ ಬಾಣ ಹಾಕಿ. ಬಾಣಗಳ ಮೂತಿ ಒಂದಕ್ಕೊಂದು ಎದುರಾದ ಕಡೆ ಗೀಟು ಹಾಕಿ, ಆ ಹೊತ್ತಿಗೆ ಅಲ್ಲಿ ಇರದ ಹಾಗೆ ಹೊರಡುವ ಸಮಯ ಬದಲಿಸಿ. ಉಬ್ಬರ ಇಳಿತದ ಸೆಳವಾದರೆ ಆರು ಗಂಟೆ ಕಾದರೆ ದಿಕ್ಕೇ ತಿರುಗುತ್ತದೆ. ಇಷ್ಟು ಸುಲಭದ ಕೆಲಸವನ್ನು ಜನ ಯಾಕೆ ಮಾಡುವುದಿಲ್ಲ ಎಂದರೆ, ಯಾರಿಗೋ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಬೇಕಿರುತ್ತದೆ. ವಿಮಾನದ ಟಿಕೆಟ್ ತೆಗೆದುಕೊಂಡವರನ್ನು ಇಂಥ ದಾಟುವಿಕೆಗೆ ಕರೆದುಕೊಂಡು ಹೋಗಲೇಬೇಡಿ.

ಹೆಜ್ಜೆ 3: ತಳ ಮೇಲೇರುವ ಜಾಗ ಮತ್ತು ಅಳಿವೆಗಳು

ಆಳ ಒಮ್ಮೆಲೇ ಕಡಿಮೆಯಾದ ಕಡೆಯೂ ಅಲೆ ಕಡಿದಾಗುತ್ತದೆ. ಫ್ರಾನ್ಸ್ ಮತ್ತು ಸ್ಪೇನ್ ದಂಡೆಯ ಬಿಸ್ಕೆ ಕೊಲ್ಲಿಯಲ್ಲಿ ಸಾವಿರಾರು ಮೀಟರ್ ಆಳದ ತಳ ಸ್ವಲ್ಪ ದೂರದಲ್ಲೇ 200 ಮೀಟರ್‌ಗಿಂತ ಮೇಲಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಬಾಸ್ ಜಲಸಂಧಿ ಸರಾಸರಿ 60 ಮೀಟರ್ ಆಳ ಅಷ್ಟೆ. 1998ರ ಸಿಡ್ನಿ–ಹೋಬಾರ್ಟ್ ಯಾಟ್ ಸ್ಪರ್ಧೆ ಆ ಕಡೆ ಬಿರುಗಾಳಿಗೆ ಸಿಕ್ಕಿ 6 ಜನ ಸತ್ತರು, 5 ಯಾಟ್ ಮುಳುಗಿದವು, ಹೊರಟ 115ರಲ್ಲಿ ಗುರಿ ಮುಟ್ಟಿದ್ದು 44. ದಾರಿ ಹಾಕುವಾಗ ಆಳದ ಗೆರೆಗಳು ಒತ್ತೊತ್ತಾಗಿರುವ ಕಡೆ ಬಿರುಗಾಳಿಯ ಹೊತ್ತಿಗೆ ಇರಬೇಡಿ.

ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಇದ್ದರೆ ಇನ್ನೂ ಕಷ್ಟ. ನದಿಯ ನೀರು ಇಳಿತದ ಜೊತೆ ಸೇರಿ ಹೊರಗೆ ನುಗ್ಗುತ್ತದೆ, ಸ್ವೆಲ್ ಒಳಗೆ ಬರುತ್ತದೆ, ತಳವೂ ಮೇಲಿದೆ, ಮೂರೂ ಒಟ್ಟಿಗೆ. ಅಮೆರಿಕದ ಕೊಲಂಬಿಯಾ ನದಿಯ ಬಾಯಿ ಇದಕ್ಕೆ ಕುಖ್ಯಾತ. ದೊಡ್ಡ ಹಡಗುಗಳೂ ಅಲ್ಲಿ ಆ ದಿಬ್ಬ ದಾಟಿಸಲೆಂದೇ ಇರುವ ಪೈಲಟ್‌ಗಳನ್ನು ಹತ್ತಿಸಿಕೊಂಡು ಒಳಗೆ ಬರುತ್ತವೆ. ಇಳಿತ ಜೋರಾಗಿರುವಾಗ ಅಳಿವೆ ದಾಟಬೇಡಿ, ಉಬ್ಬರದ ಕೊನೆಯ ಹೊತ್ತು ಅಥವಾ ನೀರು ನಿಂತ ಹೊತ್ತು ನೋಡಿ. ಹೊರಗಿನಿಂದ ಬರುವಾಗ ಒಡೆಯುವ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ, ಹಾಗಾಗಿ ಇರುವುದಕ್ಕಿಂತ ಸೌಮ್ಯವಾಗಿ ತೋರುತ್ತದೆ. ಮೋಸ ಹೋಗಬೇಡಿ, ಸ್ವಲ್ಪ ಹೊತ್ತು ಹೊರಗೇ ನಿಂತು ಎಣಿಸಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಸಂದೇಹವಿದ್ದರೆ ಆಳ ನೀರಿನಲ್ಲೇ ರಾತ್ರಿ ಕಳೆಯಿರಿ. ನಿದ್ದೆ ಕೆಡುತ್ತದೆ, ಅಷ್ಟೆ.

ಹೆಜ್ಜೆ 4: ಮುಚ್ಚುವುದು, ಕಟ್ಟುವುದು

ಹಡಗನ್ನು ಮುಳುಗಿಸುವುದು ಬಹಳ ಸಲ ಅಲೆಯ ಹೊಡೆತ ಅಲ್ಲ, ಆ ಹೊಡೆತಕ್ಕೆ ತೆರೆದುಕೊಂಡ ಸಣ್ಣ ತೂತು. ಡರ್ಬಿಶೈರ್ ಎಂಬ 294 ಮೀಟರ್ ಉದ್ದದ ಬ್ರಿಟಿಷ್ ಸರಕು ಹಡಗು 1980ರ ಸೆಪ್ಟೆಂಬರಿನಲ್ಲಿ ಜಪಾನಿನ ದಕ್ಷಿಣಕ್ಕೆ ಟೈಫೂನಿನಲ್ಲಿ 44 ಜನರ ಸಮೇತ ಮುಳುಗಿತು. ತಳದಲ್ಲಿ ಸಿಕ್ಕ ಅವಶೇಷ ನೋಡಿದಾಗ ಗೊತ್ತಾದ ಪ್ರಕಾರ, ಮೂತಿಯ ಡೆಕ್ಕಿನ ಗಾಳಿಕೊಳವೆಗಳು ಕಿತ್ತುಹೋಗಿ ಒಳಗೆ ನೀರು ತುಂಬಿದೆ, ಮೂತಿ ತಗ್ಗಿದೆ, ತಗ್ಗಿದ ಮೂತಿಯ ಮೇಲೆ ಅಲೆಗಳು ಬಿದ್ದು ಹ್ಯಾಚ್‌ಗಳ, ಅಂದರೆ ಸರಕು ಇಳಿಸುವ ಬಾಯಿಗಳ, ಮುಚ್ಚಳಗಳು ಕುಸಿದಿವೆ. ಹಾಗಾಗಿ ಬಿರುಗಾಳಿ ಬರುವ ಮುಂಚೆ ಮೂತಿಯಿಂದ ಹಿಂಬದಿಯವರೆಗೆ ನಡೆದುಕೊಂಡು ಹೋಗಿ, ಗಾಳಿಕೊಳವೆ, ಲಂಗರಿನ ಸರಪಳಿ ಇಳಿಯುವ ತೂತು, ನೀರುಬಿಗಿ ಬಾಗಿಲು, ಹ್ಯಾಚಿನ ಕೊಂಡಿ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ಪಟ್ಟಿಯಲ್ಲಿ ಟಿಕ್ ಹಾಕಿದರೆ ಸಾಲದು.

ಕಿಟಕಿಗಳಿಗೆ ಉಕ್ಕಿನ ಮುಚ್ಚಳ ಇದ್ದರೆ ಹಾಕಿ. 2001ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರೆಮೆನ್ ಎಂಬ ಪ್ರಯಾಣಿಕ ಹಡಗಿನ ಬ್ರಿಜ್ (ಹಡಗು ನಡೆಸುವ ಕೋಣೆ) ಕಿಟಕಿ ಒಡೆದು, ನೀರು ನುಗ್ಗಿ, ಎಂಜಿನ್ ನಿಂತು, ಹಡಗು ಅಲೆಗೆ ಪಕ್ಕೆ ಕೊಟ್ಟು ತೇಲುವಂತಾಯಿತು. ನೀವು ಪ್ರಯಾಣಿಕರಾಗಿದ್ದರೆ ನಿಮಗೆ ಇರುವ ಕೆಲಸ ಇಷ್ಟೇ: ಅಲೆ ಬರುವ ಕಡೆಯ ಕಿಟಕಿಯಿಂದ ದೂರ ಇರಿ, ಹೊರಗಿನ ಡೆಕ್ಕಿಗೆ ಫೋಟೋ ತೆಗೆಯಲು ಹೋಗಬೇಡಿ. 2022ರ ಕೊನೆಯಲ್ಲಿ ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಕಡೆಗೆ ಹೋಗುತ್ತಿದ್ದ ಹಡಗಿನಲ್ಲಿ ಅಲೆ ಬಡಿದು ಕಿಟಕಿ ಒಡೆದು ಒಬ್ಬ ಪ್ರಯಾಣಿಕರು ಸತ್ತಿದ್ದಾರೆ.

ಯಾಟ್‌ನಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಈಗಲೇ ತಲೆಕೆಳಗು ಮಾಡಿದರೆ ಏನೇನು ಹಾರುತ್ತದೆ? ಬ್ಯಾಟರಿ, ಸ್ಟೌ, ನೆಲದ ಹಲಗೆ, ಡಬ್ಬಿಗಳು, ಉಪಕರಣದ ಪೆಟ್ಟಿಗೆ. ಮಗುಚಿದ ದೋಣಿಗಳಲ್ಲಿ ತಲೆಗೆ ಪೆಟ್ಟಾಗುವುದು ಇವುಗಳಿಂದಲೇ. ಎಲ್ಲಕ್ಕೂ ಪಟ್ಟಿ ಕಟ್ಟಿ. ಒಳಗೆ ಇಳಿಯುವ ಬಾಯಿಯ ಹಲಗೆಗಳನ್ನು ಹಾಕಿ, ಅವು ಕಳಚಿ ಬೀಳದಂತೆ ಹಗ್ಗವನ್ನೂ ಕಟ್ಟಿ. ಮೈಗೆ ಬಿಗಿಯುವ ಪಟ್ಟಿ, ಅಂದರೆ ಹಾರ್ನೆಸ್, ಹಾಕಿಕೊಂಡು ಒಳಗಿನಿಂದಲೇ ಕೊಂಡಿ ಸಿಕ್ಕಿಸಿಕೊಂಡು ಹೊರಗೆ ಬನ್ನಿ. ಹಗ್ಗ 2 ಮೀಟರ್‌ಗಿಂತ ಉದ್ದ ಬೇಡ, ಉದ್ದವಿದ್ದರೆ ದೋಣಿಯ ಪಕ್ಕದಲ್ಲಿ ನೀರಿನಲ್ಲಿ ಎಳೆದುಕೊಂಡು ಹೋಗುವ ಹಾಗಾಗುತ್ತದೆ.

ಹೆಜ್ಜೆ 5: ಸಮುದ್ರ ಕೆಡತೊಡಗಿದಾಗ

ವೇಗ ಇಳಿಸಿ. ದೊಡ್ಡ ಹಡಗಿನಲ್ಲಿ ಸಮಯದ ಒತ್ತಡಕ್ಕೆ ಇದನ್ನೇ ಮುಂದೂಡುತ್ತಾರೆ. ಅಲೆಗೆ ಎದುರಾಗಿ ಹೋಗುವಾಗ ಚುಕ್ಕಾಣಿ ಕೆಲಸ ಮಾಡುವಷ್ಟು ವೇಗ ಇದ್ದರೆ ಸಾಕು. ಹಿಂದಿನಿಂದ ಅಲೆ ಬರುವಾಗ ಅಪಾಯ ಬೇರೆ ತರದ್ದು, ಹಡಗು ಅಲೆಯ ಮೇಲೆ ಜಾರುತ್ತಾ ಓಡಿ ಒಮ್ಮೆಲೇ ಅಡ್ಡ ತಿರುಗುತ್ತದೆ. ಇದಕ್ಕೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ 2007ರ ಮಾರ್ಗಸೂಚಿಯಲ್ಲಿ ಒಂದು ಸರಳ ಲೆಕ್ಕ ಇದೆ. ಹಡಗಿನ ಉದ್ದದ ವರ್ಗಮೂಲವನ್ನು 1.8ರಿಂದ ಗುಣಿಸಿ, ಬಂದ ನಾಟ್‌ಗಿಂತ ಕೆಳಗೆ ವೇಗ ಇಡಿ. 100 ಮೀಟರ್ ಹಡಗಿಗೆ 18 ನಾಟ್. ಕಂಟೇನರ್ ಹಡಗುಗಳಿಗೆ ಇನ್ನೊಂದು ಕಾಟ ಇದೆ: ಎದುರಿನಿಂದ ಅಥವಾ ಹಿಂದಿನಿಂದ ಅಲೆ ಬರುತ್ತಿದ್ದರೂ, ಹಡಗು ಒಮ್ಮೆ ಹೊರಳಲು ಹಿಡಿಯುವ ಸಮಯದ ಅರ್ಧಕ್ಕೊಂದು ಅಲೆ ಸಿಗತೊಡಗಿದರೆ ಕೆಲವೇ ಹೊರಳಿನಲ್ಲಿ ಅದು ಭಯಂಕರವಾಗಿ ವಾಲತೊಡಗುತ್ತದೆ. 1998ರಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಎಪಿಎಲ್ ಚೈನಾ ನೂರಾರು ಕಂಟೇನರ್ ಕಳೆದುಕೊಂಡಿದ್ದು ಹೀಗೆ. ಎದುರು ಅಲೆಯಲ್ಲಿ ಹೊರಳು ಹೆಚ್ಚುತ್ತಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ, ತಕ್ಷಣ ದಿಕ್ಕು ಅಥವಾ ವೇಗ ಬದಲಿಸಿ.

ಯಾಟ್‌ನವರಿಗೆ ಅಂಕಿ ಇದು. ಬ್ರಿಟನ್ನಿನಲ್ಲಿ ನಡೆದ 1979ರ ಫಾಸ್ಟ್‌ನೆಟ್ ಯಾಟ್ ಸ್ಪರ್ಧೆಯಲ್ಲಿ 15 ಸ್ಪರ್ಧಿಗಳು ಸತ್ತ ಮೇಲೆ ನೀರಿನ ತೊಟ್ಟಿಯಲ್ಲಿ ಮಾದರಿ ದೋಣಿಗಳನ್ನಿಟ್ಟು ಪರೀಕ್ಷೆ ಮಾಡಿದರು. ಒಡೆಯುವ ಅಲೆ ಪಕ್ಕೆಗೆ ಬಡಿದಾಗ ಅದರ ಎತ್ತರ ದೋಣಿಯ ಉದ್ದದ ಶೇ. 30 ಇದ್ದರೆ ಮಗುಚುವ ಭಯ ಶುರುವಾಗುತ್ತದೆ, ಶೇ. 60ಕ್ಕೆ ಬಂದರೆ ಹೆಚ್ಚುಕಡಿಮೆ ಎಂಥ ದೋಣಿಯೂ ಪೂರ್ತಿ ಉರುಳುತ್ತದೆ. 12 ಮೀಟರ್ ಯಾಟ್‌ಗೆ 3.6 ಮೀಟರ್ ಮತ್ತು 7.2 ಮೀಟರ್ ಎಂದಾಯಿತು. ಇದರಲ್ಲಿ ಮುಖ್ಯ ಪದ "ಪಕ್ಕೆಗೆ". ಮೂತಿಯನ್ನೋ ಹಿಂಬದಿಯನ್ನೋ ಅಲೆಗೆ ಕೊಟ್ಟರೆ ಅದೇ ದೋಣಿ ಪಾರಾಗುತ್ತದೆ.

ಹಾಗೆ ಹಿಡಿದಿಡಲು ದಾರಿಗಳಿವೆ. ಬಿರುಗಾಳಿಗೆಂದೇ ಇರುವ ಸಣ್ಣ ಹಾಯಿ ಕಟ್ಟಿ ದೋಣಿಯನ್ನು ನಿಲ್ಲಿಸಿಕೊಳ್ಳುವುದು ಎಲ್ಲಕ್ಕಿಂತ ಆರಾಮ, ಆದರೆ ಅಲೆ ಒಡೆಯತೊಡಗಿದ ಮೇಲೆ ಅದನ್ನು ನಂಬಬೇಡಿ. ಆಮೇಲೆ ಹಿಂಬದಿಯಿಂದ ಡ್ರೋಗ್, ಅಂದರೆ ನೀರಿನಲ್ಲಿ ಹಿಡಿದು ದೋಣಿಯ ಓಟ ತಡೆಯುವ ಸಾಧನ, ಎಳೆಯುವುದು ಒಳ್ಳೆಯದು. ಅಮೆರಿಕದ ಎಂಜಿನಿಯರ್ ಡೊನಾಲ್ಡ್ ಜೋರ್ಡನ್ ಮಾಡಿದ ಸರಣಿ ಡ್ರೋಗ್ ನನಗೆ ಜಾಸ್ತಿ ಹಿಡಿಸುತ್ತದೆ: ಒಂದೇ ಉದ್ದ ಹಗ್ಗಕ್ಕೆ ನೂರಕ್ಕೂ ಹೆಚ್ಚು ಸಣ್ಣ ಬಟ್ಟೆಯ ಶಂಕುಗಳು, ತುದಿಯಲ್ಲಿ ತೂಕ. ಒಂದಷ್ಟು ಶಂಕುಗಳು ಅಲೆಯಿಂದ ಎದ್ದು ಹೊರಬಂದರೂ ಉಳಿದವು ನೀರಲ್ಲಿ ಹಿಡಿದುಕೊಂಡಿರುತ್ತವೆ. ಅದನ್ನು ಕಟ್ಟುವ ಜಾಗ ಮಾತ್ರ ದೋಣಿಯ ತೂಕಕ್ಕೆ ಹತ್ತಿರದ ಎಳೆತ ತಾಳಬೇಕು, ಹಗ್ಗ ಸುತ್ತುವ ಮಾಮೂಲಿ ಗೂಟ ಕಿತ್ತು ಬರುತ್ತದೆ. ಯಾವುದನ್ನೇ ಆರಿಸಿ, ಬೆಳಕಿದ್ದಾಗ, ಜನ ಸುಸ್ತಾಗುವ ಮುಂಚೆ ನೀರಿಗಿಳಿಸಿ.

ಹೆಜ್ಜೆ 6: ಅಲೆ ಎದುರಿಗೇ ಬಂದರೆ

ಹೊರಗಿದ್ದವರು ಕೂಗಿ ಹೇಳಿ. ಚುಕ್ಕಾಣಿ ಹಿಡಿದವರು ಪಕ್ಕೆ ತಪ್ಪಿಸಲು ಹತ್ತಿರದ ತುದಿಯನ್ನು, ಮೂತಿ ಇರಲಿ ಹಿಂಬದಿ ಇರಲಿ, ಅಲೆಗೆ ತಿರುಗಿಸಿ. ಅರ್ಧಕ್ಕೆ ಮನಸ್ಸು ಬದಲಿಸಬೇಡಿ, ಆಗಲೇ ಅಡ್ಡ ಸಿಕ್ಕಿಕೊಳ್ಳುವುದು. ಎಂಜಿನ್ ಇದ್ದರೆ ನೆತ್ತಿ ಹತ್ತುವಾಗ ಶಕ್ತಿ ಕೊಡಿ, ಹತ್ತಿದ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಆಚೆಯ ಗುಂಡಿಗೆ ಹಾರಿ ಬೀಳುತ್ತೀರಿ. ಉಳಿದವರು ಬಗ್ಗಿ, ಗಟ್ಟಿಯಾದದ್ದನ್ನು ತಬ್ಬಿಕೊಳ್ಳಿ. ಹಿಂದೆಯೇ ಇನ್ನೊಂದು ಬರಬಹುದು, ಎದ್ದು ನಿಲ್ಲುವ ಮುಂಚೆ ನೋಡಿ.

ಹೆಜ್ಜೆ 7: ಬಡಿದು ಹೋದ ಮೇಲೆ

ಮೊದಲು ಜನರನ್ನು ಎಣಿಸಿ. ಆಮೇಲೆ ನೀರು ಎಲ್ಲಿಂದ ಬರುತ್ತಿದೆ ನೋಡಿ, ಪಂಪ್ ಹಾಕಿ. ಹಾಯಿಕಂಬ ಮುರಿದು ಪಕ್ಕದಲ್ಲಿ ತೇಲುತ್ತಿದ್ದರೆ ಅದು ದೋಣಿಯ ಮೈ ತೂತು ಮಾಡುವ ಮುಂಚೆ ತಂತಿಗಳನ್ನು ಕತ್ತರಿಸಿ ಬಿಡಿ. ಎಂಜಿನ್ ಚಾಲೂ ಮಾಡುವ ಮುಂಚೆ ನೀರಿನಲ್ಲಿ ಹಗ್ಗ ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಅದೂ ಹೋಯಿತು.

ಜೀವಕ್ಕೆ ಅಪಾಯ ಇದ್ದರೆ ವಿಎಚ್‌ಎಫ್ ರೇಡಿಯೊದ ಕೆಂಪು ಗುಂಡಿ ಒತ್ತಿ, 16ನೇ ಚಾನೆಲ್‌ನಲ್ಲಿ ಮೇಡೇ ಎಂಬ ಅಪಾಯದ ಕರೆ ಕೊಡಿ. ಇರುವ ಜಾಗ, ಜನ ಎಷ್ಟು, ಏನಾಗಿದೆ, ಇಷ್ಟನ್ನು ನಿಧಾನವಾಗಿ ಹೇಳಿ. ದಂಡೆ ದೂರ ಇದ್ದರೆ ಇಪಿರ್ಬ್ (ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ ಸಾಧನ) ಚಾಲೂ ಮಾಡಿ, ಅದನ್ನು ದೋಣಿಗೋ ತೆಪ್ಪಕ್ಕೋ ಕಟ್ಟಿ. ಹೊರಡುವ ಮುಂಚೆಯೇ ಅದನ್ನು ನಿಮ್ಮ ಹೆಸರಿಗೆ ನೋಂದಾಯಿಸಿರಬೇಕು.

ತೆಪ್ಪದ ಬಗ್ಗೆ ಒಂದು ಮಾತು. ದೊಡ್ಡ ಅಲೆ ಬಡಿದು ಕತ್ತಲಾದ, ಒದ್ದೆಯಾದ, ಸಾಮಾನು ಚೆಲ್ಲಿದ ದೋಣಿಯಲ್ಲಿ ನಿಂತಾಗ ಗಾಳಿ ತುಂಬಿದ ತೆಪ್ಪ ಸ್ವರ್ಗದಂತೆ ಕಾಣುತ್ತದೆ. 1979ರ ಫಾಸ್ಟ್‌ನೆಟ್‌ನಲ್ಲಿ 24 ಯಾಟ್‌ಗಳನ್ನು ಬಿಟ್ಟು ಹೋದರು, ಅವುಗಳಲ್ಲಿ ಮುಳುಗಿದ್ದು 5 ಮಾತ್ರ. ತೆಪ್ಪಕ್ಕೆ ಹತ್ತಿ ಸತ್ತವರಿದ್ದಾರೆ, ಅವರು ಬಿಟ್ಟುಬಂದ ಯಾಟ್ ಆಮೇಲೆ ತೇಲುತ್ತಲೇ ಸಿಕ್ಕಿದೆ. ಡೆಕ್ಕು ನೀರಿನ ಮಟ್ಟಕ್ಕೆ ಇಳಿದು, ತೆಪ್ಪಕ್ಕೆ ಮೇಲಕ್ಕೆ ಹತ್ತಬೇಕಾದ ಸ್ಥಿತಿ ಬರುವವರೆಗೆ, ಅಥವಾ ಬೆಂಕಿ ಹತ್ತುವವರೆಗೆ, ದೋಣಿ ಬಿಡಬೇಡಿ. ಬಿಡಲೇಬೇಕಾದರೆ ಇಪಿರ್ಬ್, ಕೈಯಲ್ಲಿ ಹಿಡಿಯುವ ರೇಡಿಯೊ, ಕುಡಿಯುವ ನೀರು, ಬೆಚ್ಚನೆಯ ಬಟ್ಟೆ ಇರುವ ಚೀಲವನ್ನು ಮೊದಲು ತೆಪ್ಪಕ್ಕೆ ಕಟ್ಟಿ, ಆಮೇಲೆ ನೀವು ಹತ್ತಿ, ತೆಪ್ಪದ ಹಗ್ಗವನ್ನು ಎಲ್ಲರೂ ಹತ್ತಿದ ಮೇಲೆಯೇ ಕತ್ತರಿಸಿ.